ಮರೋಳ ವಕ್ರರೇಖೆ: ಪರದೇಶಿ ವಿದ್ಯಾರ್ಥಿಯ ಮಹಾನಗರ ಹೊಂದಾಣಿಕೆ ಕುರಿತು ಒಂದು ಬಹುಶಿಸ್ತೀಯ ಅಧ್ಯಯನ

ಪೀಠಿಕೆ

ಹುನಗುಂದ ಸೀಮೆಯ ಮರೋಳವು ಇದುವರೆಗೆ ಜ್ಞಾನಪ್ರಪಂಚದಲ್ಲಿ 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆಯ ಹೆಸರಿನಲ್ಲಿ ಮಾತ್ರ ನಮೂದಾಗಿದೆ. ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವಿದು. ಅಧ್ಯಯನದ ಮಾದರಿ: ಒಂದು. ಅವನು ನನ್ನ ತಂಗಿಯ ಮಗ; 2025ರ ಸೆಪ್ಟೆಂಬರಿನಲ್ಲಿ ಎಂಎಸ್ಸಿ ಓದಲು ಲಂಡನ್ನಿಗೆ ಹೋದ. ಮಾಹಿತಿ ಸಂಗ್ರಹ ವಿಧಾನ: ವಾಟ್ಸ್ಯಾಪ್ ಕರೆ, ರವಿವಾರ ಸಂಜೆ, ಮಾಳಿಗೆ ಮೇಲೆ, ನೆಟ್‌ವರ್ಕ್ ಸಿಕ್ಕರೆ. ಪ್ರೇರಣೆ: ಅವನ ವಿಶ್ವವಿದ್ಯಾಲಯ ಕಳಿಸಿದ ನಲವತ್ತು ಪುಟದ ಸ್ವಾಗತ ಕೈಪಿಡಿ. ಅದನ್ನು ನಾನು ಪೂರ್ತಿ ಓದಿದ್ದೇನೆ. ಮುಂದೆ ಎಲ್ಲಾದರೂ ಸಿಟ್ಟು ಕಂಡುಬಂದರೆ ಅದಕ್ಕೆ ಆಕರ ಅದೇ.

1. ಪರಿಭಾಷಾ ವಿವೇಚನೆ

ಕೈಪಿಡಿಯು ‘ಅಂತರರಾಷ್ಟ್ರೀಯ ವಿದ್ಯಾರ್ಥಿ’ ಎನ್ನುತ್ತದೆ. ನಮ್ಮ ಕಡೆ ಪರದೇಶಕ್ಕೆ ಹೋದವನು ಪರದೇಶಿ. ಹಿಂದುಮುಂದು ಯಾರೂ ಇಲ್ಲದವನೂ ಪರದೇಶಿಯೇ. ಎರಡು ಅರ್ಥ ಒಂದೇ ಪದದಲ್ಲಿ ಹೇಗೆ ಕೂತವೆಂಬುದನ್ನು ಬಾಡಿಗೆ ಮನೆ ಹುಡುಕಿದ ಮೂರನೇ ದಿನ ಹುಡುಗನೇ ವಿವರಿಸಿದ. ಬ್ರಿಟನ್ನಿನಲ್ಲೇ ಇರುವ ಜಾಮೀನುದಾರ ಬೇಕು, ಇಲ್ಲವೇ ಆರು ತಿಂಗಳ ಬಾಡಿಗೆ ಮುಂಗಡ ಬೇಕು ಅಂದಿದ್ದರು. “ಮಾಮಾ, ಜಾಮೀನು ನಿಂದ್ರಾಕ ಇಲ್ಲಿಯಾಂವನ ಬೇಕಂತ. ನಮ್ಮೂರಾಗಾಗಿದ್ರ ಅರ್ಧ ಊರು ನಿಂದ್ರತಿತ್ತು.”

2. ಸೈದ್ಧಾಂತಿಕ ಚೌಕಟ್ಟು

1955ರಲ್ಲಿ ನಾರ್ವೆಯ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಹೋಗಿಬಂದ 200 ಫುಲ್‌ಬ್ರೈಟ್ ವಿದ್ವಾಂಸರನ್ನು ವಿಚಾರಿಸಿ, ಹೊಂದಾಣಿಕೆ ಎಂಬುದು ‘ಯು’ ಅಕ್ಷರದಂತೆ ಎಂದ: ಮೊದಲು ಹಿಗ್ಗು, ನಡುವೆ ಕುಗ್ಗು, ಕೊನೆಗೆ ಮತ್ತೆ ಹಿಗ್ಗು. 1960ರಲ್ಲಿ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ ‘ಸಾಂಸ್ಕೃತಿಕ ಆಘಾತ’ಕ್ಕೆ ಹಂತಗಳನ್ನು ಕಟ್ಟಿ, ಮೊದಲ ಹಂತವನ್ನು ಮಧುಚಂದ್ರವೆಂದ. 1963ರಲ್ಲಿ ಗಲ್ಲಾಹಾರ್ನ್ ದಂಪತಿ, ಊರಿಗೆ ಮರಳಿದವನು ಮತ್ತೊಮ್ಮೆ ಬೀಳುತ್ತಾನೆಂದು ಎರಡು ‘ಯು’ ಜೋಡಿಸಿ ‘ಡಬ್ಲ್ಯು’ ಮಾಡಿದರು.

ಮರೋಳದ ದೃಷ್ಟಿಯಲ್ಲಿ ‘ಯು’ ಎಂದರೆ ಬಾವಿ. ಬಾವಿಗೆ ಬಿದ್ದವನು ತಾನಾಗಿಯೇ ಮೇಲೆ ಬರುತ್ತಾನೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಮೆಟ್ಟಿಲಿರಬೇಕು, ಇಲ್ಲಾ ಹಗ್ಗ ಬಿಡುವವರಿರಬೇಕು. ಫುಲ್‌ಬ್ರೈಟಿನವರ ಹಗ್ಗ ಅಮೆರಿಕ ಸರ್ಕಾರದ್ದಾಗಿತ್ತು. ನಮ್ಮ ಹುಡುಗನ ಹಗ್ಗ ಹೊಲದ ಮೇಲಿನ ಸಾಲ.

3. ವರ್ಗೀಕರಣ

ಹೊಂದಾಣಿಕೆಯನ್ನು ಏಳು ಪ್ರಕಾರಗಳಾಗಿ ವಿಂಗಡಿಸಲಾಗಿದೆ.

(ಅ) ಭಾರಾತ್ಮಕ: ಮಿತಿ 23 ಕೆಜಿ. ಅಡತಿ ಅಂಗಡಿಯ ಕಾಟಾದ ಮೇಲೆ ಬ್ಯಾಗು ಮೂರು ಸಲ ಏರಿ ಇಳಿಯಿತು. ಚಳಿಗೆಂದು ಕೊಂಡ ಜಾಕೀಟು ಹೊರಗೆ ಬಂತು. 120 ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಳಗೇ ಉಳಿದವು.

(ಆ) ಧ್ವನ್ಯಾತ್ಮಕ: ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಕ್ಷಣವೇ ಹೊಗೆ ಅಲಾರಾಂ ಬಡಕೊಂಡು, ಹಾಸ್ಟೆಲಿಗೆ ಹಾಸ್ಟೆಲೇ ಚಡ್ಡಿ ಬನಿಯನ್ನಿನಲ್ಲಿ ಬೀದಿಗೆ ಬಂದು ನಿಂತಿತು. ಲಂಡನ್ನಿನೊಡನೆ ಹುಡುಗನ ಮೊದಲ ಸಾರ್ವಜನಿಕ ಪರಿಚಯ ಇದು. ಅಲ್ಲಿಂದ ಮುಂದೆ ಬೇರೆ ಮನೆ ಹುಡುಕಾಟ ಶುರು.

(ಇ) ಆರ್ಥಿಕ: ತಿಂಗಳಿಗೆ 1,483 ಪೌಂಡಿನಂತೆ ಒಂಬತ್ತು ತಿಂಗಳ ಖರ್ಚು, ಅಂದರೆ 13,347 ಪೌಂಡು, ಸತತ 28 ದಿನ ಖಾತೆಯಲ್ಲಿತ್ತೆಂದು ವೀಸಾಕ್ಕೆ ಆಗ ತೋರಿಸಬೇಕಿತ್ತು. ಫೀ ಬೇರೆ. ವರ್ಷಕ್ಕೆ 776 ಪೌಂಡಿನ ಆರೋಗ್ಯ ಸರ್‌ಚಾರ್ಜು ಬೇರೆ. ಕ್ಷಯ ಇಲ್ಲವೆಂಬ ಸರ್ಟಿಫಿಕೇಟು ಬೇರೆ. ನಮ್ಮ ಮನೆತನದಲ್ಲಿ ಅಷ್ಟು ದುಡ್ಡು ಒಂದೇ ಕಡೆ 28 ದಿನ ಕೂತಿದ್ದು ಅದೇ ಮೊದಲು. ಎಲ್ಲಿ ಎದ್ದು ಹೋದೀತೋ ಎಂದು ಅಷ್ಟೂ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಲ್ಲಿ ಇಳಿದ ಮೇಲೆ, ಪಾಠವಿರುವ ವಾರ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಹೋಗುವಾಗ ಕಾಲುವೆ ಒಡೆದಂತೆ ಹೋಗಿ, ಬರುವಾಗ ಹನಿಹನಿಯಾಗಿ ಬರುವ ಈ ಯೋಜನೆಯ ಮುಂದೆ ನಮ್ಮೂರಿನದು ತೀರ ಚಿಕ್ಕದು.

(ಈ)ಯಿಂದ (ಋ)ವರೆಗಿನ ಪ್ರಕಾರಗಳನ್ನು ಇಲ್ಲಿಗೇ ಕೈಬಿಡುತ್ತೇನೆ. ಬಗೆದು ನೋಡಿದರೆ ಅವೆಲ್ಲವೂ (ಇ)ಯೇ. ಕೈಪಿಡಿ ಮಾತ್ರ ಅದನ್ನು ‘ಮನೆಯ ಹಂಬಲ’ ಎನ್ನುತ್ತದೆ. ಒತ್ತಡವಾದರೆ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುತ್ತದೆ. ಅವ್ವನ ಬಂಗಾರ ಬ್ಯಾಂಕಿನಲ್ಲಿರುವಾಗ ಎಷ್ಟು ದೀರ್ಘ ಎಳೆದುಕೊಳ್ಳಬೇಕು ಸ್ವಾಮಿ? ಹೊಂದಿಕೊಳ್ಳುವ ಕೆಲಸವೆಲ್ಲ ಹುಡುಗನದೇ ಏನು? ಫೀ ಎಣಿಸಿಕೊಂಡವರಿಗೆ, ಬಾಗಿಲು ಹಾಕಿಕೊಂಡ ಊರಿಗೆ ಒಂದಾದರೂ ಹಂತ ಬೇಡವೇ? ಸಾಲಕ್ಕೆ ಮನಸ್ಸಿನ ಕಾಯಿಲೆಯ ಹೆಸರಿಟ್ಟು, ಅದಕ್ಕೊಂದು ಚಿತ್ರ ಬರೆದು, ಚೆಂದದ ಕಾಗದದ ಮೇಲೆ ಅಚ್ಚು ಹಾಕಿಸುವುದಕ್ಕೆ ನಾಚಿಕೆಯಾದರೂ ಆಗಬೇಕಿತ್ತು.

ಸಂಶೋಧಕನು ಸಂಯಮ ಕಳೆದುಕೊಂಡದ್ದಕ್ಕೆ ಕ್ಷಮೆ ಇರಲಿ.

4. ಐತಿಹಾಸಿಕ ಹಿನ್ನೆಲೆ

ಏಳನೇ ಶತಮಾನದಲ್ಲಿ ಹ್ಯುಯೆನ್‌ತ್ಸಾಂಗ್ ಅಪ್ಪಣೆ ಇಲ್ಲದೆಯೇ ಚೀನಾ ಬಿಟ್ಟು ಬಂದು ನಾಲಂದದಲ್ಲಿ ಓದಿ, ಬಾದಾಮಿಯ ಇಮ್ಮಡಿ ಪುಲಿಕೇಶಿಯ ನಾಡನ್ನೂ ನೋಡಿದ. ಇಲ್ಲಿಯವರು ಉಪಕಾರ ಮರೆಯರು, ಅಪಕಾರ ಸಹಿಸರು ಎಂದು ಬರೆದಿಟ್ಟ. ಜಾಮೀನು ಕೇಳಿದರೆಂದು ಬರೆದಿಲ್ಲ.

ಬಾಗೇವಾಡಿಯ ಮನೆ ಬಿಟ್ಟು ಕೂಡಲಸಂಗಮಕ್ಕೆ ಓದಲು ಬಂದ ಬಸವಣ್ಣನವರೂ ಪರವೂರಿನ ವಿದ್ಯಾರ್ಥಿಯೇ. 2015ರ ನವೆಂಬರ್ 14ರಿಂದ ಅವರೂ ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ ಮೂರ್ತಿಯಾಗಿದ್ದಾರೆ. ಮತ್ತೊಂದು ಮನೆ ಕೈತಪ್ಪಿದ ಸಂಜೆ ಹುಡುಗ ಅಲ್ಲಿ ಕೂತು ಕರೆ ಮಾಡಿದ. “ಮಾಮಾ, ಅಣ್ಣಾರು ಇಲ್ಲೂ ಹೊಳಿ ದಂಡ್ಯಾಗನ ಅದಾರ ನೋಡ್ರಿ.” ಸ್ವಲ್ಪ ತಡೆದು, “ಆದ್ರ ದಾಸೋಹ ಇಲ್ರಿ” ಅಂದ. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ಮಾತು ಹೊಳೆಯಲಿಲ್ಲ.

5. ಫಲಿತಾಂಶ

ಹೋದ ಅರವತ್ತನೇ ದಿನ ತಂಗಿ ಫೋನು ಇಸಿದುಕೊಂಡು ಕೇಳಿದ್ದು ಒಂದೇ ಪ್ರಶ್ನೆ: “ರೊಟ್ಟಿ ಎಷ್ಟು ಉಳದಾವೋ?”

“ಇನ್ನೂ ಎಪ್ಪತ್ತು ಅದಾವಬೇ.”

ಹುಡುಗ ಹುರುಪಿನಿಂದಲೇ ಹೇಳಿದ. ಫೋನು ಇಟ್ಟ ಮೇಲೆ ಅವಳು ಗೋಡೆಗೆ ಒರಗಿ ಕೂತಳು. “ದಿನಕ್ಕ ಎರಡರಂಗ ಎಣಿಸಿ ಕಟ್ಟಿದ್ದೆ. ಇವತ್ತಿಗೆ ಮುಗೀಬೇಕಿತ್ತು. ಮುಗದು ಹೋದಾವಂತ ಅಂಜಿ ಕಾಯ್ದು ತಿನ್ನಾಕತ್ತಾನ. ಅವಗ ಆ ಊರು ಇನ್ನೂ ಒಗ್ಗಿಲ್ಲ.”

ಲಿಸ್ಗಾರ್ಡನ 200 ಜನರ ಎದುರು ಇದು ಒಬ್ಬನ ಲೆಕ್ಕ. ಮೂರು ಸಲ ಕೂಡಿಸಿ ಕಳೆದು ನೋಡಿದೆ. ತಪ್ಪು ಸಿಗಲಿಲ್ಲ.