ಸಸ್ಪೆನ್ಸ್ ಅಕೌಂಟ್

ನಿವೃತ್ತ ಬ್ಯಾಂಕ್ ಮ್ಯಾನೇಜರು ವಿಡಿಯೋ ಎಡಿಟಿಂಗಿಗೆ ಕೈ ಹಾಕಿದರೆ ಏನಾಗುತ್ತದೆಂದು ನೋಡಬೇಕಿದ್ದರೆ ಮೈಸೂರಿನ ಕುವೆಂಪುನಗರಕ್ಕೋ ಬೆಂಗಳೂರಿನ ಬನಶಂಕರಿಗೋ ಬನ್ನಿ. ಬಡಾವಣೆಗೆ ಇಬ್ಬರಾದರೂ ಸಿಗುತ್ತಾರೆ. 2020ರ ವಿಲೀನದಲ್ಲಿ ಬ್ಯಾಂಕಿನ ಬೋರ್ಡು ಬದಲಾಯಿತು, ಇವರ ಸ್ವಭಾವ ಬದಲಾಗಲಿಲ್ಲ. ವಾಕಿಂಗು, ತಿಂಡಿ, ಪೇಪರು ಮುಗಿಸಿ ಹತ್ತಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಹಾಜರ್. ಇವರನ್ನು ರಾಯರು ಎಂದು ಕರೆಯೋಣ.

ರಾಯರ ಕೈಯಲ್ಲಿರುವುದು ಮೊಮ್ಮಗಳ ನಾಮಕರಣದ ವಿಡಿಯೋ. ತಂತ್ರಾಂಶ ಡಾವಿಂಚಿ ರಿಸಾಲ್ವ್, ಪುಕ್ಕಟೆ ಸಿಗುವಂಥದ್ದು. ಹಾಗಾಗಿ ಕೊಟೇಶನ್ ತರಿಸುವ ಪ್ರಶ್ನೆ ಬರಲಿಲ್ಲ. ಪರದೆಯ ಅಡಿಯಲ್ಲಿ ಮೀಡಿಯಾ, ಕಟ್, ಎಡಿಟ್, ಕಲರ್ ಎಂದು ಡೆಲಿವರ್‌ವರೆಗೆ ಪುಟಗಳ ಸಾಲೇ ಇದೆ. ರಾಯರು ಮಾತ್ರ ಮೀಡಿಯಾ ಬಿಟ್ಟು ಕದಲಿಲ್ಲ. “ಇಲ್ಲಿ ಟ್ಯಾಲಿ ಆಗದೆ ಮುಂದಿನ ಕೌಂಟರಿಗೆ ಹೋಗೋದು ಹ್ಯಾಗೆ ಸಾರ್?” ಎಂದು ನನ್ನನ್ನೇ ಕೇಳುತ್ತಾರೆ.

ಟ್ಯಾಲಿ ಎಂದರೆ ತಮಾಷೆಯಲ್ಲ. ಮೆಮೊರಿ ಕಾರ್ಡಿನಲ್ಲಿ 214 ಕ್ಲಿಪ್ಪು, ಆಮದು ಮಾಡಿಕೊಂಡ ಮೇಲೆ ಬಿನ್ನಿನಲ್ಲಿ, ಅಂದರೆ ತಂತ್ರಾಂಶದೊಳಗಿನ ಫೋಲ್ಡರಿನಲ್ಲಿ, 213. ಹತ್ತು ಪೈಸೆ ತಾಳೆಯಾಗದ್ದಕ್ಕೆ ಇಡೀ ಶಾಖೆಯನ್ನು ರಾತ್ರಿ ಒಂಬತ್ತರವರೆಗೆ ಕೂರಿಸಿದ್ದವರು ಒಂದು ಕ್ಲಿಪ್ಪನ್ನು ಬಿಟ್ಟಾರೆಯೇ? “ಏನ್ರೀ, ಹುಳಿ ಆರಿಹೋಯ್ತು” ಎಂದು ಒಳಗಿನಿಂದ ಮೂರನೇ ಕರೆ ಬರುವ ಹೊತ್ತಿಗೆ ಸಿಕ್ಕಿತು. ಎರಡು ಸೆಕೆಂಡಿನ ಕ್ಲಿಪ್ಪು: ನೆಲದ ಟೈಲ್ಸು, ಯಾರದೋ ಕಾಲ ಹೆಬ್ಬೆರಳು, ಹಿನ್ನೆಲೆಯಲ್ಲಿ “ಆನ್ ಆಗಿದ್ಯೇನೋ?” ಎಂಬ ದನಿ. ಬೇರೆಯವರಾಗಿದ್ದರೆ ಡಿಲೀಟ್ ಮಾಡುತ್ತಿದ್ದರು. ರಾಯರು ‘ನೆಲ, ವಿವಿಧ’ ಎಂದು ಹೆಸರಿಟ್ಟು ಒಳಗೆ ಕರೆದುಕೊಂಡರು.

ಮುಂದಿನದು ವರ್ಗೀಕರಣ. ‘ತೊಟ್ಟಿಲು ಶಾಸ್ತ್ರ’, ‘ಅಕ್ಕಿಯಲ್ಲಿ ಹೆಸರು ಬರೆದದ್ದು’, ‘ಊಟ, ಮೊದಲ ಪಂಕ್ತಿ’, ‘ಊಟ, ಎರಡನೇ ಪಂಕ್ತಿ’ ಎಂದು ಬಿನ್ನುಗಳು, ಅವುಗಳೊಳಗೆ ಮರಿ ಬಿನ್ನುಗಳು. ನಮ್ಮ ಕಡೆಯವರಿಗೆ ಹಸಿರು ಬಣ್ಣ, ಬೀಗರಿಗೆ ಕಿತ್ತಳೆ. ಎಲ್ಲಿಗೂ ಸೇರದ್ದಕ್ಕೆ ‘ಸಸ್ಪೆನ್ಸ್ ಅಕೌಂಟ್’. ಅದರಲ್ಲಿ ಚೌಕಳಿ ಅಂಗಿಯವರೊಬ್ಬರು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೂತಿದ್ದಾರೆ. ಅವರ ಚಿತ್ರ ಎರಡೂ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಯಿತು. ನಮ್ಮವರು ನಿಮ್ಮವರೆಂದರು, ಬೀಗರೂ ನಿಮ್ಮವರೆಂದರು. ಎಂಟ್ರಿ ಇಂದಿಗೂ ಬಾಕಿ.

ಅಷ್ಟರಲ್ಲಿ ವೇಳೆಯ ತಕರಾರು ಎದ್ದಿತು. ನ್ಯೂಜೆರ್ಸಿಯಿಂದ ಬಂದಿದ್ದ ಮಗ ತನ್ನ ಕ್ಯಾಮೆರಾದ ಗಡಿಯಾರವನ್ನು ಅಮೆರಿಕದಲ್ಲೇ ಬಿಟ್ಟಿದ್ದ. ಚಿತ್ರೀಕರಿಸಿದ ವೇಳೆಯ ಪ್ರಕಾರ ಜೋಡಿಸಿದಾಗ, ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ಹೆಸರು ಹಿಂದಿನ ರಾತ್ರಿ ಹನ್ನೊಂದೂವರೆಗೇ ಇಟ್ಟಂತಾಗಿತ್ತು. “ಬ್ಯಾಕ್‌ಡೇಟೆಡ್ ಎಂಟ್ರಿ! ಸರ್ವೀಸಲ್ಲಿದ್ದಿದ್ರೆ ಮೆಮೊ ಕೊಡ್ತಿದ್ದೆ” ಎಂದು ಫೋನಿನಲ್ಲೇ ಮಗನಿಗೆ ಗುಡುಗಿದರು. ಅಲ್ಲಿ ಆಗ ನಡುರಾತ್ರಿ.

ಒಂದು ದಿನ ಇಡೀ ಪರದೆ ಕೆಂಪಾಯಿತು: ‘ಮೀಡಿಯಾ ಆಫ್‌ಲೈನ್’. ಸೊಸೆ ಡಿಸ್ಕಿನಲ್ಲಿದ್ದ ‘ನಾಮಕರಣ’ ಫೋಲ್ಡರಿಗೆ ಪ್ರೀತಿಯಿಂದ ‘ಪುಟ್ಟಿ’ ಎಂದು ಹೆಸರು ಬದಲಿಸಿದ್ದಳು. ನಾನು ಗಾಬರಿಯಾದೆ, ರಾಯರು ಆಗಲಿಲ್ಲ. “ಪಾಸ್‌ಬುಕ್ಕಲ್ಲಿ ದುಡ್ಡಿರುತ್ತೇನ್ರಿ? ಪ್ರಾಜೆಕ್ಟು ಅಂದ್ರೂ ಅಷ್ಟೇ. ವಿಡಿಯೋ ಡಿಸ್ಕಲ್ಲಿರುತ್ತೆ, ಇದರಲ್ಲಿರೋದು ವಿಳಾಸ ಮಾತ್ರ. ಪಾರ್ಟಿ ವಿಳಾಸ ಬದಲಿಸಿ ತಿಳಿಸಿಲ್ಲ, ಅಷ್ಟೆ.” ರೀಲಿಂಕ್ ಒತ್ತಿ ಹೊಸ ಫೋಲ್ಡರ್ ತೋರಿಸಿದರು, ಕ್ಲಿಪ್ಪುಗಳೆಲ್ಲ ಮರಳಿ ಬಂದವು. ಸೊಸೆಗೆ ಮಾತ್ರ ಅಂದಿನಿಂದ ಡಿಸ್ಕ್ ಮುಟ್ಟುವ ಅಧಿಕಾರವಿಲ್ಲ.

ರಾಯರನ್ನು ನೋಡಿ ನಗುತ್ತಿದ್ದ ಮನೆಮಂದಿ ಒಮ್ಮೆ ತೆಪ್ಪಗಾದದ್ದುಂಟು. ಬೀಗರ ಮನೆಯ ಗೃಹಪ್ರವೇಶಕ್ಕೆ ಮುಯ್ಯಿ ಎಷ್ಟು ಮಾಡಬೇಕೆಂಬ ಚರ್ಚೆ ಬಂತು. ಅವರು ಮಗುವಿಗೆ ಕೊಟ್ಟದ್ದು ಬೆಳ್ಳಿ ಬಟ್ಟಲೋ ಬೆಳ್ಳಿ ಲೋಟವೋ ಯಾರಿಗೂ ನೆನಪಿಲ್ಲ. ರಾಯರು ಕಿತ್ತಳೆ ಬಣ್ಣ ಹುಡುಕಿ, ಷರಾ ಕಾಲಂ ನೋಡಿ, ಅರ್ಧ ನಿಮಿಷದಲ್ಲಿ ಕ್ಲಿಪ್ಪನ್ನೇ ಓಡಿಸಿದರು: ಬಟ್ಟಲು, ಜೊತೆಗೆ ಚಮಚ. ಎಡಿಟಿಂಗೇ ಆಗದ ವಿಡಿಯೋ ಆ ಮನೆಯಲ್ಲಿ ಹೀಗೆ ಕಡತವಾಗಿ ದುಡಿಯುತ್ತಿದೆ.

ಪುಟ್ಟಿ ಈಗ ಎಲ್‌ಕೆಜಿ. ಮೊನ್ನೆ ಸೊಸೆಯ ತಮ್ಮ ತನ್ನ ಫೋನಿನಲ್ಲಿದ್ದ ಹಳೆಯ ನಾಲ್ಕು ತುಣುಕು ಸೇರಿಸಿ, ಹಾಡು ಹಾಕಿ, ಬಸ್ಸಿಗೆ ಕಾಯುತ್ತಲೇ ನಾಮಕರಣದ ರೀಲ್ಸ್ ಮಾಡಿ ಹರಿಯಬಿಟ್ಟ. ಬಂಧುಗಳೆಲ್ಲ ಹೃದಯ ಒತ್ತಿದರು. ರಾಯರಿಗೆ ನೋವಾಗಿರಬಹುದೆಂದು ಎಲ್ಲರೂ ಅವರ ಮುಖ ನೋಡಿದರೆ, ಅವರು ಹುಡುಗನಿಗೆ ಫೋನ್ ಮಾಡುತ್ತಿದ್ದರು. “ಚೆನ್ನಾಗಿದೆ ಕಣಪ್ಪಾ. ವಾಟ್ಸ್‌ಆ್ಯಪಲ್ಲಿ ಹಾಗೇ ಕಳಿಸ್ಬೇಡ, ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸು.”

ಬಂತು. ರಾಯರು ಅದಕ್ಕೆಂದೇ ಒಂದು ಹೊಸ ಬಿನ್ ತೆರೆದರು: ‘ಇತರ ಶಾಖೆಗಳಿಂದ ಬಂದದ್ದು’. ಪುಟ್ಟಿಯ ಅಕ್ಷರಾಭ್ಯಾಸದ ಕ್ಲಿಪ್ಪುಗಳಿಗೆ ಸದ್ಯ ಟೋಕನ್ ಕೊಟ್ಟು ಕೂರಿಸಿದ್ದಾರೆ.