ಗಾಡಿ ಕೊಟ್ಟೆ, ಕಣ್ಣಿ ಕೊಡಲಿಲ್ಲ

ಜರ್ಮನಿಗೆ ಹೋಗುವುದು ಖಾತ್ರಿಯಾದ ದಿನ ಅವ್ವ ಮೊದಲು ಕೇಳಿದ್ದು ಅಲ್ಲಿ ಏನು ಉಣ್ಣುತ್ತೀ ಎಂದಲ್ಲ. "ಈ ಗಾಡಿ ಏನ ಮಾಡ್ತಿ?"

2018ರಲ್ಲಿ ಕೊಂಡ ಹಿಮಾಲಯನ್. 411 ಸಿಸಿ, 15 ಲೀಟರ್ ಟ್ಯಾಂಕು, 21 ಇಂಚಿನ ಮುಂದಿನ ಗಾಲಿ. ಲಡಾಖಿಗೆ ಹೋಗುತ್ತೇನೆಂದು ಬೈಲಹೊಂಗಲದ ತುಂಬ ಡಂಗುರ ಹೊಡೆದೇ ಮನೆಗೆ ತಂದಿದ್ದೆ. ಏಳು ವರ್ಷದಲ್ಲಿ ಅದು ಏರಿದ ಅತಿ ದೊಡ್ಡ ಎತ್ತರವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಅದೂ ಬನದ ಹುಣ್ಣಿಮೆಗೆ, ಹಿಂದೆ ಅವ್ವ, ಅವಳ ತೊಡೆಯ ಮೇಲೆ ಹೋಳಿಗೆ ಬುಟ್ಟಿ.

ಸಾಹಸ ಮಾಡಿಯೇ ಇಲ್ಲವೆನ್ನುವಂತಿಲ್ಲ. ಒಂದು ಸಲ ಮಳೆ ನಿಂತ ಮೇಲೆ ರಾಮದುರ್ಗದ ಕಡೆ ಸೋದರಮಾವನ ಹೊಲಕ್ಕೆ ಇಳಿಸಿದ್ದೆ. ಎರಿ ಮಣ್ಣಿಗೆ ಕಂಪನಿ, ಸಿಸಿ ಯಾವುದರ ಮುಲಾಜೂ ಇಲ್ಲ. ಹತ್ತು ಮಾರು ಹೋಗುವುದರೊಳಗೆ ಗಾಲಿ ಎಲ್ಲಿ ಮುಗಿಯಿತು, ಮಡ್‌ಗಾರ್ಡ್ ಎಲ್ಲಿ ಶುರುವಾಯಿತು ತಿಳಿಯದಂತೆ ಮೆತ್ತಿಕೊಂಡಿತು. ಕಡೆಗೆ ಮಾವನ ಖಿಲಾರಿ ಜೋಡಿಯೇ ಬಂದು ಎಳೆದು ದಡ ಹಚ್ಚಿತು. ಇಪ್ಪತ್ತನಾಲ್ಕು ಕುದುರೆ ಮಾಡದ ಕೆಲಸ ಎರಡು ಎತ್ತು ಮಾಡಿದವೆಂದು ಮಾವ ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾನೆ.

ಕೆಎ 24 ನಂಬರಿನ ಗಾಡಿಗೆ ಗಿರಾಕಿಗಳೂ ಸುತ್ತಲಿನವರೇ. ಊರಿನವರೆಲ್ಲರದ್ದೂ ಒಂದೇ ಪ್ರಶ್ನೆ: "ಅವರೇಜ ಎಷ್ಟ ಕೊಡತೈತ್ರಿ?" ಸವದತ್ತಿಯಿಂದ ಬಂದ ಹುಡುಗನಿಗೆ ಗಾಡಿ ಮನಸ್ಸಿಗೆ ಬಂತು, ಕಾಲು ನೆಲಕ್ಕೆ ಬರಲಿಲ್ಲ. ಕಿತ್ತೂರಿನವನು ನನ್ನನ್ನು ಕೋಟೆ ಮುಂದೆ ಕರೆಸಿಕೊಂಡು ಐದು ಸಾವಿರ ಇಳಿಸಿರೆಂದ. 1824ರಲ್ಲಿ ಚೆನ್ನಮ್ಮ ಥ್ಯಾಕರೆಗೆ ಮಣಿಯದ ನೆಲದಲ್ಲಿ ನಿಂತು ಐದು ಸಾವಿರಕ್ಕೆ ಮಣಿಯುವುದೇ? ಬಿಗಿಯಾಗಿ ನಿಂತೆ. ಅವನು ಚಹಾ ಕುಡಿಸಿ ಹೋದ. ವೀಸಾ ದಿನ ಹತ್ತಿರ ಬಂದಾಗ ನಾನೇ ಫೋನ್ ಮಾಡಿದೆ; ಅಷ್ಟರಲ್ಲಿ ಅವನು ಬೇರೆ ಗಾಡಿ ಹಿಡಿದಿದ್ದ.

ಕೊನೆಗೆ ರಾಮದುರ್ಗದಿಂದ ಮಗನನ್ನು ಕರೆದುಕೊಂಡು ಧೋತರ, ರುಮಾಲಿನ ಹಿರಿಯರೊಬ್ಬರು ಬಂದರು. ಅವರೇಜು ಕೇಳಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಟ್ಯಾಂಕಿನ ಮೇಲೆ ಕೈಯಾಡಿಸಿದರು, ಬೆನ್ನು ಸವರಿದಂತೆ ಸೀಟು ಒತ್ತಿದರು. ಆಮೇಲೆ ಕುಕ್ಕರಗಾಲಲ್ಲಿ ಕುಂತು, "ತಮ್ಮಾ, ಹಲ್ಲ ನೋಡೂಣು" ಎಂದು ಹಿಂದಿನ ಗಾಲಿಯ ಚೈನ್ ಚಕ್ರಕ್ಕೆ ಬೆರಳು ಹಚ್ಚಿದರು. ಹಲ್ಲುಗಳು ಸವೆದು ಚೂಪಾಗಿ ಒಂದೇ ಕಡೆಗೆ ಬಾಗಿದ್ದವು. ಮೀಟರು ನಲವತ್ತೇಳು ಸಾವಿರವೆಂದು ನಾನು ಬಾಯಿ ತೆಗೆಯುವ ಮೊದಲೇ ಅವರಿಗೆ ಎಲ್ಲಾ ತಿಳಿದಿತ್ತು. "ಬಾಯಿ ಬಿದ್ದೈತಿ" ಎಂದರು.

ಮಗ ನಾಚಿಕೊಂಡು "ಅಪ್ಪಾ, ಇದು ಬೈಕ್" ಎನ್ನುತ್ತಿದ್ದ. ಅಪ್ಪ ಟವೆಲ್ಲು ಬಿಚ್ಚಿ ನನ್ನ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದರು. ದನದ ಸಂತೆಯಲ್ಲಿ ನಮ್ಮಜ್ಜ ಹೀಗೆ ಮಾಡುವುದನ್ನು ನೋಡಿದ್ದೆನೇ ಹೊರತು ಯಾವ ಬೆರಳಿಗೆ ಎಷ್ಟು ಎನ್ನುವುದು ಕಲಿತಿರಲಿಲ್ಲ. ದಿನವೆಲ್ಲ ಕಂಪ್ಯೂಟರಿನ ಕೋಡು ಬರೆಯುವ ನಾನು ಆ ಕೋಡಿಗೆ ಸುಮ್ಮನೆ ತಲೆಯಾಡಿಸಿದೆ. ಟವೆಲ್ಲು ಸರಿಸಿದಾಗ ಗಾಡಿ ತೊಂಬತ್ತೆರಡು ಸಾವಿರಕ್ಕೆ ಹೋಗಿತ್ತು. ಕಿತ್ತೂರಿನವನು ಕೇಳಿದ್ದಕ್ಕಿಂತ ಎಂಟು ಸಾವಿರ ಕಡಿಮೆ.

ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಮಾಡಿಮಾಡಿ ಕೈ ಸೋತಿತು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆಯಬೇಕು. ಎಷ್ಟು ಉಜ್ಜಿದರೂ ಮೂಡದು. ಸೀಮೆಎಣ್ಣೆ ಅರಿವೆಯಲ್ಲಿ ತಿಕ್ಕಿದಾಗ ಅಕ್ಷರದ ಸಂದಿಯಿಂದ ಕರೀ ಹಕ್ಕಳೆ ಎದ್ದಿತು: ಅದೇ ಮಾವನ ಹೊಲದ ಎರಿ. ಹಿರಿಯರು ಅದನ್ನು ಬೆರಳಲ್ಲಿ ಪುಡಿಮಾಡಿ ನೋಡಿ, "ನಮ್ಮ ಕಡೀದ ಮಣ್ಣ" ಎಂದರು. ರೇಟು ಮಾತ್ರ ಏರಿಸಲಿಲ್ಲ.

ಅವ್ವ ಹ್ಯಾಂಡಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಹುಡುಗ ಕಿಕ್ಕರ್ ಹುಡುಕಿದ. ಅದಕ್ಕೆ ಕಿಕ್ಕರೇ ಇಲ್ಲ. ಗುಂಡಿ ಒತ್ತಿ ಇನ್ನೇನು ಹೊರಡಬೇಕು, ಅವ್ವ ಓಡಿಹೋಗಿ ಹಿಂದೆ ಲಗೇಜಿಗೆ ಕಟ್ಟುತ್ತಿದ್ದ ಹಗ್ಗ ಬಿಚ್ಚಿಕೊಂಡಳು.

"ಅದ್ಯಾಕವ್ವ?"

"ಎತ್ತ ಮಾರಿದ್ರ ಕಣ್ಣಿ ಕೊಡಬಾರದು." ಹಿರಿಯರು ಹೌದೆಂದು ತಲೆ ಹಾಕಿದರು.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಸೂಟ್‌ಕೇಸಿಗೆ ಬಿಗಿದ ಹಗ್ಗ ಮುಟ್ಟಿ, ಬೆರಳಿಗೆ ಹತ್ತಿದ ಎಲ್ಲಮ್ಮನ ಭಂಡಾರವನ್ನು ಅನುಮಾನದಿಂದ ನೋಡಿದಳು. ತೂಕ ಅರ್ಧ ಕಿಲೋ ಹೆಚ್ಚಿತ್ತು. "ಹಗ್ಗ ತೆಗೀತೀರಾ ಸರ್?" ಎಂದಳು. ಹಗ್ಗ ಸಡಿಲಿಸಿ ಅರ್ಧ ಕಿಲೋ ಶೇಂಗಾ ಹೋಳಿಗೆ ತೆಗೆದು, ಮತ್ತೆ ಬಿಗಿದೆ.