ಶಿಲಾ-ಮೇಘ ವಿವಾದ: ಸೇಡಂ ಸೀಮೆಯ ಸರ್ವರುಗಳಿಗೊಂದು ಭಾಷ್ಯ

ವ್ಯಾಪಾರದ ಲೆಕ್ಕಪತ್ರ ಮತ್ತು ತಂತ್ರಾಂಶಗಳಿಗೆ ನೆಲೆ ಎರಡು ಬಗೆ. ಸ್ವಂತ ಕೋಣೆ, ಸ್ವಂತ ಸರ್ವರ್, ಸ್ವಂತ ಡಿಸ್ಕು, ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ ಎಂಬುದು ಸಾಂಪ್ರದಾಯಿಕ. ಗಣನೆ, ಸಂಗ್ರಹ, ಜಾಲ ಮೂರನ್ನೂ ಡಬ್ಬಿಯ ಹಂಗಿನಿಂದ ಬಿಡಿಸಿ ತಂತ್ರಾಂಶದ ಅಪ್ಪಣೆಗೆ ಒಪ್ಪಿಸಿದರೆ ಅದು ತಂತ್ರಾಂಶಾಧೀನ ಕ್ಲೌಡ್. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮಟ್ಟಿಗೆ ಮೊದಲನೆಯದನ್ನು ಶಿಲಾವಾದವೆಂದೂ ಎರಡನೆಯದನ್ನು ಮೇಘವಾದವೆಂದೂ ಕರೆಯುವುದು ಉಚಿತ. ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಮೋಡದ ಬಗ್ಗೆ ಆ ಮಾತು ಹೇಳಲಾಗದು.

ಶಿಲಾವಾದದ ಅತಿ ಪ್ರಾಚೀನ ಪ್ರಮಾಣ ಚಿತ್ತಾಪುರ ತಾಲ್ಲೂಕಿನ ಸನ್ನತಿಯದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನ ಆಡಳಿತ ಭೀಮಾ ತೀರದ ಚಪ್ಪಡಿಯೊಂದರ ಮೇಲೆ ರಾಜಾಜ್ಞೆಗಳನ್ನು ಕೊರೆಸಿತು. ಆ ಉಪಕರಣಕ್ಕೆ ಯುಪಿಎಸ್ ಬೇಕಿರಲಿಲ್ಲ, ವಾರ್ಷಿಕ ನಿರ್ವಹಣೆಯ ಕರಾರೂ ಇರಲಿಲ್ಲ. ಮುಂದೊಂದು ಕಾಲದಲ್ಲಿ ಯಾರೋ ಅದರಲ್ಲಿ ತೂತು ಕೊರೆದು ಕಾಳಿಯ ವಿಗ್ರಹಕ್ಕೆ ಪೀಠವಾಗಿಸಿದರು. 1986ರಲ್ಲಿ ಗುಡಿಯ ಮಾಡು ಕುಸಿದ ಮೇಲೆ ಶಾಸನ ಬೆಳಕಿಗೆ ಬಂತು. ಎರಡು ಸಾವಿರ ವರ್ಷ ಮೀರಿ ಓದಲು ಸಿಗುವ ಡಿಸ್ಕು ಬೇರೆಲ್ಲಿದೆ ಎಂದು ಶಿಲಾವಾದಿಗಳು ಎದೆಯುಬ್ಬಿಸುತ್ತಾರೆ. ಮೇಘವಾದಿಗಳು ನೇರವಾಗಿ ಆ ತೂತಿಗೇ ಬೆರಳಿಟ್ಟು, ಇಲ್ಲಿದ್ದ ಅಕ್ಷರಗಳು ಎಲ್ಲಿ ಎಂದು ಕೇಳುತ್ತಾರೆ. ಈ ಪ್ರಶ್ನೆಯ ಉತ್ತರ ಒಡಿಶಾದಲ್ಲಿದೆ. ಸನ್ನತಿಯ ‘ಪ್ರತ್ಯೇಕ ಶಾಸನ’ಗಳೆಂಬ ಆಜ್ಞೆಗಳು ಧೌಲಿಯಲ್ಲೂ ಜೌಗಡದಲ್ಲೂ ಇವೆ. ಅಂದರೆ ಮೌರ್ಯರು ಕಲ್ಲನ್ನು ಕೊರೆದರೂ ನಂಬಿದ್ದು ಪ್ರತಿಯನ್ನು. ದೂರದೂರದ ನೆಲೆಗಳಲ್ಲಿ ನಕಲು ಇಡುವ ಇದೇ ಪದ್ಧತಿಯನ್ನು ಕ್ಲೌಡ್ ಮಾರುವವರು ಇಂದು ಪ್ರತ್ಯೇಕ ದರ ಹಚ್ಚಿ ಕೊಡುತ್ತಾರೆ. ಒಂದೇ ಪ್ರಮಾಣವನ್ನು ಎರಡೂ ಪಕ್ಷದವರು ಎಳೆದಾಡುವುದು ಶಾಸ್ತ್ರಲೋಕಕ್ಕೆ ಹೊಸತೇನಲ್ಲ.

ಮೇಘದ ಲಕ್ಷಣವನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2011ರಲ್ಲಿ ಸೂತ್ರರೂಪಕ್ಕೆ ತಂದಿತು. ಕೇಳಿದೊಡನೆ ಸಿಗಬೇಕು, ಜಾಲದ ಮೂಲಕ ಸಿಗಬೇಕು, ಒಂದೇ ರಾಶಿಯಿಂದ ಹಲವರಿಗೆ ಹಂಚಿಕೆಯಾಗಬೇಕು, ಬೇಗ ಹಿಗ್ಗಿ ಬೇಗ ಕುಗ್ಗಬೇಕು, ಬಳಸಿದ್ದಕ್ಕೆ ಅಳತೆ ಇರಬೇಕು. ಕೆಟ್ಟಾಗ ಎದುರು ನಿಲ್ಲಿಸಿ ಬೈಯಲು ಮನುಷ್ಯ ಸಿಗಬಾರದೆಂಬ ಆರನೆಯ ಲಕ್ಷಣ ಅನುಭವಗಮ್ಯವಾದುದರಿಂದ ಸೂತ್ರಕಾರರು ಅದನ್ನು ಕೈಬಿಟ್ಟಿರಬೇಕು.

ಜಾಲದ ಭಾಗವನ್ನು ಅರಿಯಲು ವಾಡಿಗೆ ಹೋಗುವುದು ಲೇಸು. ಮುಂಬೈ-ಮದ್ರಾಸು ಹಳಿಗೆ 1874ರಲ್ಲಿ ನಿಜಾಮರ ಸಿಕಂದರಾಬಾದ್ ಹಳಿ ಬಂದು ಕೂಡಿದ್ದು ಇಲ್ಲಿ. ಗಾಡಿ ತನ್ನ ದಾರಿಯನ್ನು ತಾನು ಆರಿಸುವುದಿಲ್ಲ. ನಿರ್ಧಾರ ಕ್ಯಾಬಿನ್ನಿನದು, ಓಟ ಹಳಿಯದು. ಗಣಕಜಾಲದ ಹಳೆಯ ಸ್ವಿಚ್ಚು ನಿರ್ಧಾರ, ಓಟ ಎರಡನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿತ್ತು. 2008ರ ಓಪನ್‌ಫ್ಲೋ ಎಂಬ ಪ್ರೋಟೊಕಾಲ್ ಇವೆರಡನ್ನೂ ಬೇರ್ಪಡಿಸಿ ನಿರ್ಧಾರವನ್ನು ಒಂದೆಡೆ ಕೂರಿಸಿತು. ಲಾಭ ಸ್ಪಷ್ಟ: ನೂರು ಸ್ವಿಚ್ಚುಗಳಿಗೆ ಒಂದೇ ಆಜ್ಞೆ. ಆಜ್ಞೆ ತಪ್ಪಾದರೆ ನೂರೂ ಒಟ್ಟಿಗೇ ತಪ್ಪುತ್ತವೆ ಎಂಬುದನ್ನು ಮಾರಾಟಗಾರರ ಕರಪತ್ರ ಸಣ್ಣಕ್ಷರದಲ್ಲೂ ಹೇಳುವುದಿಲ್ಲ.

ಇನ್ನು ವಿನಿಯೋಗ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು ಕುಲುಮೆಯೊಳಗೆ ಸುಣ್ಣಕಲ್ಲಿನ ಮಿಶ್ರಣ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಲಿಂಕರ್ ಆಗುತ್ತದೆ. ಕರೆಂಟು ಹೋದರೂ ಕಾದ ಕೊಳವೆಯನ್ನು ಸಹಾಯಕ ಯಂತ್ರದಿಂದ ಮೆಲ್ಲಗೆ ತಿರುಗಿಸುತ್ತಿರಬೇಕು. ನಿಂತಲ್ಲೇ ನಿಂತರೆ ಕೊಳವೆ ಬಾಗುತ್ತದೆ. ಇದರ ನಿಯಂತ್ರಣವನ್ನು ಕ್ಲೌಡಿಗೆ ಒಪ್ಪಿಸಬಹುದೇ? ಅಮೆಜಾನ್ 2022ರಲ್ಲಿ ಹೈದರಾಬಾದಿನಲ್ಲಿ ಕ್ಲೌಡ್ ನೆಲೆ ತೆರೆದಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುವುದರಿಂದ ಸೇಡಂನ ಮಾತು ಅಲ್ಲಿಗೆ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟಬೇಕು. ಇದು ರಸ್ತೆ ಅಗೆಯಲು ಜೆಸಿಬಿ ಬರುವವರೆಗಿನ ಗಣಿತ. ಆದ್ದರಿಂದ ಕುಲುಮೆಯ ಕಡಿವಾಣ ಕುಲುಮೆಯ ಪಕ್ಕದಲ್ಲೇ ಇರತಕ್ಕದ್ದು. ಸಂಬಳಪಟ್ಟಿ ಬೇಕಾದರೆ ಹೈದರಾಬಾದಿಗೆ ಹೋಗಲಿ, ಅದು ಒಂದು ತಾಸು ತಡವಾದರೆ ಬಾಗುವುದು ನೌಕರರ ಹುಬ್ಬು ಮಾತ್ರ.

ಶಹಾಬಾದದ ಕಲ್ಲು ಪಾಲಿಶ್ ಘಟಕದಲ್ಲಿ ಸರ್ವರ್ ಎಂದರೆ ಮೇಜಿನ ಕೆಳಗಿನ ಸಿಪಿಯು. ಹಿಂದಿನ ಜಾಲರಿಗೆ ಬೂದು ಹುಡಿ ಹೆಪ್ಪುಗಟ್ಟಿರುತ್ತದೆ, ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಿರುತ್ತದೆ, ಹುಡಿ ತಡೆಯಲೆಂದು ಮೇಲೆ ಹೊದಿಸಿದ ಟವೆಲ್ ಗಾಳಿಯನ್ನೂ ತಡೆಯುತ್ತಿರುತ್ತದೆ. ಸರ್ವರಿನೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಇರಬೇಕೆಂಬುದು ತಜ್ಞರ ಶಿಫಾರಸು. ಬ್ಯಾಸಗಿಯಲ್ಲಿ 40 ದಾಟುವ ಊರು ಈ ಶಿಫಾರಸನ್ನು ಗೌರವದಿಂದ ಓದಿ ಪಕ್ಕಕ್ಕಿಡುತ್ತದೆ. ಇಲ್ಲಿ ಮೇಘವಾದಿಗಳ ಜಯ ನಿರ್ವಿವಾದ.

ತೊಗರಿಯ ಪ್ರಕರಣವೂ ಅವರದೇ. ಡಿಸೆಂಬರಿನಿಂದ ಆವಕ ಏರಿ ದಾಲ್‌ಮಿಲ್ಲಿನ ಲೆಕ್ಕ ಉಕ್ಕುತ್ತದೆ, ಮಳೆಗಾಲಕ್ಕೆ ಇಳಿಯುತ್ತದೆ. ಕೆಲವು ತಿಂಗಳ ಸಂಭ್ರಮಕ್ಕೆ ವರ್ಷವಿಡೀ ಡಬ್ಬಿ ಸಾಕುವುದಕ್ಕಿಂತ ಬಾಡಿಗೆ ಮೇಲು. ಆದರೆ ಬಾಡಿಗೆಯ ದರ ಬಾಡಿಗೆದಾರನ ಕೈಯಲ್ಲಿರುವುದಿಲ್ಲ. ಬ್ರಾಡ್‌ಕಾಮ್ 2023ರ ನವೆಂಬರಿನಲ್ಲಿ, ಒಂದೇ ಡಬ್ಬಿಯಲ್ಲಿ ಹಲವು ಸರ್ವರ್ ನಡೆಸುವ ತಂತ್ರಾಂಶದ ಕಂಪನಿ ವಿಎಂವೇರನ್ನು ಕೊಂಡು, ಒಮ್ಮೆ ಕೊಂಡರೆ ಸದಾಕಾಲ ನಡೆಯುವ ಪರವಾನಗಿಗಳ ಮಾರಾಟ ನಿಲ್ಲಿಸಿ ಚಂದಾ ಪದ್ಧತಿ ತಂದಿತು. ನಿತ್ಯಾನಿತ್ಯಗಳ ಬಗ್ಗೆ ದ್ವೈತ ದಾರ್ಶನಿಕ ಜಯತೀರ್ಥರ ಪರಂಪರೆ ತಲೆಮಾರುಗಟ್ಟಲೆ ತರ್ಕಿಸಿದರೂ ಈ ಬಗೆಯ ಅನಿತ್ಯ ಅವರ ಪಟ್ಟಿಗೆ ಸೇರಿರಲಾರದು.

ಎರಡು ವಾದಗಳನ್ನೂ ಪೂರ್ತಿ ಅನುಭವಿಸಿದ್ದು ಪಹಣಿ. 2000ದಲ್ಲಿ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೇರಿದವು. ಮೊದಲು ತಾಲ್ಲೂಕಿಗೊಂದು ಸರ್ವರ್ ಇತ್ತು, ಬಳಿಕ ಎಲ್ಲವೂ ರಾಜ್ಯದ ಕೇಂದ್ರ ನೆಲೆಗೆ ಹೋಯಿತು. ‘ಸರ್ವರ್ ಇಲ್ರಿ, ನಾಳಿ ಬರ್ರಿ’ ಎಂಬ ವಾಕ್ಯ ಮೊದಲು ಪಕ್ಕದ ಕೋಣೆಯ ಡಬ್ಬಿಯನ್ನು ಕುರಿತದ್ದು, ಈಗ ಬೆಂಗಳೂರನ್ನು ಕುರಿತದ್ದು. ಕೇಳುವ ರೈತನಿಗೆ ಎರಡರಲ್ಲೂ ಬಸ್ಸಿನ ಟಿಕೆಟ್ಟು ಒಂದೇ.

ಚಿಂಚೋಳಿಯ ಕಾಡಂಚಿನ ತಾಂಡಾಗಳಲ್ಲಿ ಎರಡೂ ವಾದ ಹಾಗೆಯೇ ನಡೆಯವು. ಸರ್ವರ್ ಇಡಲು ಕರೆಂಟಿನ ಭರವಸೆಯಿಲ್ಲ, ಕ್ಲೌಡ್ ಮುಟ್ಟಲು ಸಿಗ್ನಲ್ಲಿನ ಭರವಸೆಯಿಲ್ಲ. ದಾಖಲೆಯನ್ನು ಮೊದಲು ಕೈಯಲ್ಲಿರುವ ಫೋನಿನಲ್ಲೇ ಬರೆದಿಟ್ಟು, ಸಿಗ್ನಲ್ ಸಿಕ್ಕಾಗ ಮೇಲಕ್ಕೆ ಕಳಿಸುವ ಪದ್ಧತಿ ಇಲ್ಲಿಗೆ ಸರಿ. ಇದನ್ನು ಎರಡೂ ಪಂಥದವರು ತಮ್ಮದೆಂದು ಸಾಧಿಸುತ್ತಾರೆ. ದಿಬ್ಬ ಹತ್ತಿ ಫೋನನ್ನು ಎತ್ತಿ ಹಿಡಿಯುವ ಕೆಲಸಕ್ಕೆ ಮಾತ್ರ ಇನ್ನೂ ಯಾರೂ ಮೀಟರು ಹಾಕಿಲ್ಲ.